ಪ್ರವೇಶ ದೊರೆತರೆ ಸಾಕೇ?



ಮದ್ರಸಗಳಲ್ಲಿ ಕಲಿತವರನ್ನು ಪದವಿ ತರಗತಿಗಳಿಗೆ ಅಣಿಗೊಳಿಸಲು ಅಲೀಗಢ ಮುಸ್ಲಿಮ್ ವಿಶ್ವವಿದ್ಯಾನಿಲಯವು 2013ರಲ್ಲಿ ಒಂದು ವರ್ಷದ ಬ್ರಿಜ್ ಕೋರ್ಸ್ ಆರಂಭಿಸಿತು. ಮದ್ರಸದಿಂದ ಕಾಲೇಜಿಗೆ ಬಂದ ನಮಗೆ ಅದರ ಅಗತ್ಯ ಚೆನ್ನಾಗಿ ತಿಳಿದಿದೆ.

ಅರಬಿ ವ್ಯಾಕರಣದ ಜಟಿಲ ಸೂತ್ರಗಳನ್ನು ಬಿಡಿಸಬಲ್ಲ, ಒಂದೇ ಪ್ರಶ್ನೆಗೆ ನಾಲ್ವರು ಇಮಾಮರ ನಿಲುವುಗಳನ್ನು ತೂಗಿ ನೋಡಬಲ್ಲ ತರುಣನು ಇಂಗ್ಲಿಷ್ ಉಪನ್ಯಾಸದ ಮುಂದೆ ಮೌನಿಯಾಗುತ್ತಾನೆ. ಆ ಮೌನವನ್ನು ದಡ್ಡತನವೆಂದು ಬಗೆಯುವುದು ಅನ್ಯಾಯ. ಅವನ ತರ್ಕಶಕ್ತಿ ಅಲ್ಲಿಯೇ ಇದೆ. ಅದನ್ನು ಹೊರಗೆಡಹುವ ಭಾಷೆ ಇನ್ನೂ ಅವನ ಕೈವಶವಾಗಿಲ್ಲ.

ಶಾಲೆಯಲ್ಲಿ ಇತರರು 12 ವರ್ಷ ಕಲಿತದ್ದನ್ನು ಒಂದೇ ವರ್ಷದಲ್ಲಿ ತುಂಬಿಕೊಡಲಾಗದು. ಆದ್ದರಿಂದ ನೆರವು ಪ್ರವೇಶದ ಬಾಗಿಲಲ್ಲೇ ನಿಲ್ಲಬಾರದು. ಟಿಪ್ಪಣಿ ಬರೆದುಕೊಳ್ಳುವುದು, ಪುಸ್ತಕ ಓದಿ ಸಾರ ಹಿಡಿಯುವುದು, ಉತ್ತರವನ್ನು ಕ್ರಮವಾಗಿ ಮಂಡಿಸುವುದು, ಇವನ್ನು ಪದವಿಯ ಮೊದಲ ವರ್ಷದಲ್ಲೂ ಆಯಾ ವಿಷಯದ ಪಾಠದೊಂದಿಗೇ ಕಲಿಸಬೇಕು. ಬರೆದದ್ದನ್ನು ತಿದ್ದಿ ಮರಳಿಸುವ ಅಧ್ಯಾಪಕರೂ ಸಂದೇಹ ಕೇಳಬಹುದಾದ ಹಿರಿಯ ವಿದ್ಯಾರ್ಥಿಗಳೂ ಬೇಕು.

ಹೊಣೆ ನಮ್ಮದೂ ಹೌದು. ಮದ್ರಸಗಳ ಆಡಳಿತಗಾರರು ಕೊನೆಯ ವರ್ಷಗಳಲ್ಲೇ ಇಂಗ್ಲಿಷ್, ಗಣಿತಗಳನ್ನು ಗಂಭೀರವಾಗಿ ಕಲಿಸಲಿ. ಶುಲ್ಕ ಭರಿಸುವ ಜಮಾಅತ್‌ಗಳು ವರ್ಷದ ಕೊನೆಗೆ ಅಂಕಪಟ್ಟಿಯನ್ನಷ್ಟೇ ಕೇಳದೆ, ನಡುವೆಯೂ ವಿದ್ಯಾರ್ಥಿಯನ್ನು ವಿಚಾರಿಸಲಿ. ಸೇರಿಸಿ ಕೈಬಿಟ್ಟರೆ ಅವನು ಕಳೆದುಕೊಳ್ಳುವುದು ಒಂದು ವರ್ಷವನ್ನಷ್ಟೇ ಅಲ್ಲ, ತನ್ನ ಮೇಲಿನ ಭರವಸೆಯನ್ನೂ.