ಒಕ್ಕಲು ಮತ್ತು ನೆಲೆ



ಹುಮನಾಬಾದಿನ ಸಮೀಪದ ಮಾಣಿಕನಗರವು ಮಾಣಿಕಪ್ರಭುಗಳ ಸಂಸ್ಥಾನದಿಂದ ಹೆಸರಾದ ಊರು. ಅತ್ತ ಹೋಗುವಾಗ ಹೊಲವೊಂದರ ಅಂಚಿನಲ್ಲಿ ತಗಡು ಹೊದಿಸಿದ ಗುಡಿಸಲನ್ನು ಕಂಡು ನಿಂತೆ. ಬಾಗಿಲಲ್ಲಿ ನನಗಿಂತ ಹಿರಿಯರೊಬ್ಬರು ಕುಳಿತಿದ್ದರು. “ಕಾಕಾ, ಮನೆ ನಿಮ್ಮದೇ ಏನು?” ಎಂದು ಕೇಳಿದೆ. “ಗ್ವಾಡಿ ನಮ್ದು ರೀ ಸರ, ಜಾಗಾ ನಮ್ದಲ್ಲ” ಎಂದರು.

ಅವರ ಹಿರಿಯರು ದುಡಿಯುತ್ತಿದ್ದ ಹೊಲ ಕಾರಂಜಾ ಜಲಾಶಯದಲ್ಲಿ ಮುಳುಗಿತು. ಮಾಂಜ್ರಾದ ಉಪನದಿಯಾದ ಕಾರಂಜಾಕ್ಕೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಟ್ಟಿದ ಅಣೆಕಟ್ಟು ಅದು. ಪರಿಹಾರವು ಪಹಣಿಯಲ್ಲಿ ಹೆಸರಿದ್ದವರನ್ನು ಹುಡುಕಿಕೊಂಡು ಹೋಯಿತು. ಕೂಲಿಯವರ ಹೆಸರು ಯಾವ ಪಹಣಿಯಲ್ಲಿದ್ದೀತು? ಕೆಲಸವಿದ್ದಲ್ಲಿಗೆ ಬಂದರು, ಹೊಲದೊಡೆಯರ ಅನುಮತಿಯಿಂದ ಗುಡಿಸಲು ಹಾಕಿಕೊಂಡರು.

‘ಒಕ್ಕಲು’ ಎಂಬ ಶಬ್ದವನ್ನು ನಾನು ಬಹುಕಾಲ ತರಗತಿಯಲ್ಲಿ ವಿವರಿಸಿದ್ದೇನೆ. ಬೇಸಾಯಗಾರನಿಗೂ ಆ ಹೆಸರೇ, ಒಂದೆಡೆ ನೆಲೆಸಿದ ಮನೆತನಕ್ಕೂ ಆ ಹೆಸರೇ. ಬೆಳೆಯುವುದನ್ನೂ ನೆಲೆಸುವುದನ್ನೂ ಕನ್ನಡವು ಒಂದೇ ಮಾತಿನಲ್ಲಿ ಹಿಡಿದಿದೆ. ಅದನ್ನು ಬೇರ್ಪಡಿಸುವ ಕ್ರಿಯೆಗೂ ಆ ಮೂಲದಿಂದಲೇ ಹೆಸರು: ಒಕ್ಕಲೆಬ್ಬಿಸುವುದು. ಆ ಶಬ್ದದ ಭಾರವನ್ನು ನಾನು ತಿಳಿದದ್ದು ಈ ಗುಡಿಸಲಿನ ಮುಂದೆ.

ಬಡವರ ಮನೆಗೆಂದು ಯೋಜನೆಗಳು ಇಲ್ಲದಿಲ್ಲ. 1985ರಲ್ಲಿ ಇಂದಿರಾ ಆವಾಸ್ ಬಂತು. ಅದರ ಸ್ಥಾನದಲ್ಲಿ 2016ರಿಂದ ಪ್ರಧಾನಮಂತ್ರಿ ಆವಾಸ್ ಯೋಜನೆ ಇದೆ. ಬಯಲುಸೀಮೆಯಲ್ಲಿ ಒಂದು ಮನೆಗೆ 1.20 ಲಕ್ಷ ರೂಪಾಯಿ ಸಹಾಯಧನ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಆದರೆ ಪರರ ನೆಲದಲ್ಲಿ ತಳಪಾಯ ತೋಡುವುದೆಂತು? ಗೋಡೆ, ಮಾಡುಗಳ ಲೆಕ್ಕಕ್ಕೆ ಮೊದಲು ನಿವೇಶನದ ಲೆಕ್ಕ ಆಗಬೇಕು.

ಇದಕ್ಕೆ ದಾರಿಯೂ ನಮ್ಮಲ್ಲಿಯೇ ಇದೆ. ಪರರ ಜಮೀನಿನಲ್ಲಿ ವಾಸಿಸುವ ಕೃಷಿಕೂಲಿಕಾರನಿಗೆ ವಾಸದ ಮನೆಯ ಒಡೆತನ ಕೊಡುವ ಅವಕಾಶವನ್ನು ಕರ್ನಾಟಕದ ಭೂಸುಧಾರಣಾ ಕಾಯಿದೆ ತನ್ನ 38ನೆಯ ಪ್ರಕರಣದಲ್ಲಿ ಇಟ್ಟಿತು. ದಾಖಲೆಯಿಲ್ಲದ ತಾಂಡಾ, ಹಟ್ಟಿಗಳಿಗಾಗಿ 2017ರಲ್ಲಿ 38ಎ ಸೇರಿತು. 2023ರ ಜನವರಿ 19ರಂದು ಮಳಖೇಡದಲ್ಲಿ, ರಾಷ್ಟ್ರಕೂಟರ ಆ ಹಳೆಯ ರಾಜಧಾನಿಯಲ್ಲಿ, ಬೀದರ ಸೇರಿ ಐದು ಜಿಲ್ಲೆಗಳ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ದೊರೆತುವು. 2013ರ ಭೂಸ್ವಾಧೀನ ಕಾಯಿದೆಯಂತೂ, ಮೂರು ವರ್ಷ ಅಲ್ಲಿ ದುಡಿದು ಬದುಕಿದ ಭೂಹೀನ ಕೂಲಿಕಾರರ ಕುಟುಂಬವನ್ನೂ ಬಾಧಿತರೆಂದು ಒಪ್ಪಿತು. ಕಾರಂಜಾದ ಕಾಲಕ್ಕೆ ಈ ಮಾತು ಕಾಯಿದೆಯಲ್ಲಿ ಇರಲಿಲ್ಲ.

ಆದರೆ ನಿವೇಶನವನ್ನು ಊರಿನಾಚೆ ದೂರದ ಕಲ್ಲುಭೂಮಿಯಲ್ಲಿ ಕೊಟ್ಟರೆ ಸಾಲದು. ಕೂಲಿ ಇಲ್ಲಿ, ಮನೆ ಅಲ್ಲಿ ಎಂದಾದರೆ, ಮನೆಗೆ ಬೀಗ ಹಾಕಿ ಜನ ಮತ್ತೆ ಹೊಲದ ಅಂಚಿಗೇ ಬರುತ್ತಾರೆ. ನೀರು, ಶಾಲೆ, ದುಡಿಮೆ ಇವುಗಳ ನಡಿಗೆಯ ದೂರದಲ್ಲಿ ನೆಲೆ ಇರಬೇಕು.

ಆ ಹಿರಿಯರಿಗೆ ಅರ್ಜಿಯೊಂದನ್ನು ಬರೆದುಕೊಟ್ಟೆ. ‘ಖಾಯಂ ವಿಳಾಸ’ ಎಂಬಲ್ಲಿಗೆ ಬಂದಾಗ ಇಬ್ಬರೂ ಸುಮ್ಮನಾದೆವು. ಉತ್ತರ ಇನ್ನೂ ಬಂದಿಲ್ಲ. ಅಕ್ಷರ ಬಲ್ಲ ಪಟ್ಟಣಿಗರು ನಾವು ಇಂಥ ಒಂದೊಂದು ಅರ್ಜಿಯ ಬೆನ್ನುಹತ್ತಿದರೂ ಒಂದೊಂದು ಒಕ್ಕಲು ನೆಲೆ ನಿಂತೀತು.