ನಮ್ಮ ಶಾಲೆಯ ವಿಜ್ಞಾನ ವಿಭಾಗ ಹೇಗಿರಬೇಕು?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಹಳೆಯ ವಿದ್ಯಾರ್ಥಿಗಳ ಸಂಘದವರು ಸೇರಿಸಿರುವ ಹಣದಲ್ಲಿ ವಿಜ್ಞಾನಕ್ಕೆ ಏನು ಮಾಡಬಹುದು ಎಂದು ಹೇಳಲು ನನ್ನನ್ನು ಕರೆದಿದ್ದಾರೆ. ನಾನು ವಿಜ್ಞಾನಿಯಲ್ಲ. ಬಿಇ ಮುಗಿಸಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದ್ದರಿಂದ ಕಂಪ್ಯೂಟರ್, ಸ್ಮಾರ್ಟ್ ಬೋರ್ಡ್ ಎಂದು ಹೇಳುತ್ತೇನೆ ಅಂತ ಕೆಲವರು ಕಾದಿರಬಹುದು. ನನ್ನ ಮಾತು ಸ್ವಲ್ಪ ಬೇರೆ ಕಡೆಗೆ ಹೋಗುತ್ತದೆ.

'ವಿಜ್ಞಾನ ವಿಭಾಗ' ಎಂದರೆ ಕಾಲೇಜಿನ ಹಾಗೆ ಒಬ್ಬ ಮುಖ್ಯಸ್ಥರು, ನಾಲ್ಕಾರು ಉಪನ್ಯಾಸಕರು, ಒಬ್ಬ ಸಹಾಯಕ ಎಂದುಕೊಳ್ಳಬೇಡಿ. ನಮ್ಮಂಥ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಭಾಗ ಎಂದರೆ ಸಾಮಾನ್ಯವಾಗಿ ಇಬ್ಬರು. ಒಬ್ಬರು ಪಿಸಿಎಂ, ಇನ್ನೊಬ್ಬರು ಸಿಬಿಝಡ್. ಪಿಸಿಎಂ ಮೇಷ್ಟ್ರ ತಲೆಯ ಮೇಲೆ ಗಣಿತವೂ ಇರುತ್ತದೆ. ಇಬ್ಬರು ಶಿಕ್ಷಕರು, ಒಂದು ಕೋಣೆ, ಒಂದು ಬೀರು, ಒಂದು ದಾಸ್ತಾನು ಪುಸ್ತಕ. ಇಷ್ಟರಲ್ಲೇ ಒಂದು ಶಾಲೆಯ ವಿಜ್ಞಾನ ಬಹಳ ಚೆನ್ನಾಗಿರಬಹುದು, ಅಥವಾ ಬರೀ ನೋಟ್ಸ್ ಆಗಿರಬಹುದು. ವ್ಯತ್ಯಾಸ ಎಲ್ಲಿ ಬರುತ್ತದೆ ಎಂಬುದೇ ಇವತ್ತಿನ ವಿಷಯ.

ಮೊದಲನೆಯದು ಬೀರುವಿನ ಬೀಗ. ಎಷ್ಟೋ ಶಾಲೆಗಳಲ್ಲಿ ಸಾಮಾನು ಇದೆ, ಆದರೆ ಅದು ತಪಾಸಣೆಗೆ ಬಂದವರಿಗೆ ತೋರಿಸಲು ಇದೆ. ಇದರಲ್ಲಿ ಶಿಕ್ಷಕರ ತಪ್ಪು ಕಡಿಮೆ. ಒಂದು ಬೀಕರ್ ಒಡೆದರೆ ಲೆಕ್ಕ ಕೊಡಬೇಕಾದವರು ಅವರೇ. ಹಾಗಿರುವಾಗ ನಲವತ್ತೈದು ಮಕ್ಕಳ ಕೈಗೆ ಗಾಜಿನ ಸಾಮಾನು ಕೊಡುವ ಧೈರ್ಯ ಯಾರಿಗೆ ಬರುತ್ತದೆ? ನಾವು ಓದುವಾಗ ಇದ್ದ ಮುಖ್ಯೋಪಾಧ್ಯಾಯರು ಒಂದು ಸಣ್ಣ ಕೆಲಸ ಮಾಡಿದ್ದರು. ಒಡೆದ ಸಾಮಾನಿಗೆಂದೇ ಒಂದು ಪುಸ್ತಕ ಇಟ್ಟು, ತಿಂಗಳ ಕೊನೆಗೆ ತಾವೇ ಸಹಿ ಹಾಕುತ್ತಿದ್ದರು. ಆ ಸಹಿಯಿಂದಲೇ ಬೀಗ ತೆರೆಯಿತು. ಒಳ್ಳೆಯ ವಿಜ್ಞಾನ ವಿಭಾಗ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಶುರುವಾಗುತ್ತದೆ ಎಂದು ನಾನು ನಂಬಿರುವುದು ಇದೇ ಕಾರಣಕ್ಕೆ.

ಎರಡನೆಯದು, ಬಂದ ಅಂಕಿಯನ್ನು ಬಂದ ಹಾಗೇ ಬರೆಯುವುದು. ಒಂಬತ್ತನೇ ತರಗತಿಯಲ್ಲಿ ಲೋಲಕದ ಪ್ರಯೋಗ ಮಾಡಿದ್ದೆವು. ಒಂದು ಮೀಟರ್ ದಾರ, ತುದಿಗೆ ಕಲ್ಲು, ಇಪ್ಪತ್ತು ಆಂದೋಲನಕ್ಕೆ ಎಷ್ಟು ಸೆಕೆಂಡು ಎಂದು ಕೈಗಡಿಯಾರ ನೋಡಿ ಹೇಳಬೇಕು. ಆರು ಗುಂಪು. ಮೇಷ್ಟ್ರು ಆರೂ ಉತ್ತರಗಳನ್ನು ಬೋರ್ಡಿನ ಮೇಲೆ ಬರೆದರು: 40, 41, 40, 39, 40, 38. 38 ಹೇಳಿದ ಗುಂಪಿನವರು ಮೆಲ್ಲಗೆ "ನಮ್ಮದೂ 40 ಮಾಡಿ ಸಾರ್" ಅಂದರು. ಮೇಷ್ಟ್ರು ಅಳಿಸಲಿಲ್ಲ. "ನೀವು ನೋಡಿದ್ದು 38 ತಾನೇ? ಅದು ಇರಲಿ. ಯಾಕೆ ಬಂತು, ಇನ್ನೊಂದು ಸಲ ಮಾಡಿ ತೋರಿಸಿ" ಎಂದರು. ನೋಡಿದರೆ ಅವರು ಕಲ್ಲನ್ನು ಬಿಡುವಾಗಲೇ "ಒಂದು" ಎಂದು ಎಣಿಸಲು ಶುರುಮಾಡಿದ್ದರು. ಇಪ್ಪತ್ತು ಎನ್ನುವಾಗ ಆಗಿದ್ದುದು ಹತ್ತೊಂಬತ್ತೇ ಆಂದೋಲನ. ಒಂದಕ್ಕೆ ಎರಡು ಸೆಕೆಂಡಿನಂತೆ ಲೆಕ್ಕ ಸರಿಹೋಯಿತು. ಬಿಡುವಾಗ "ಸೊನ್ನೆ" ಎನ್ನಬೇಕು ಎಂದು ಆವತ್ತು ಇಡೀ ತರಗತಿ ಕಲಿಯಿತು. ಆಮೇಲೆ ದೊಡ್ಡ ಕಲ್ಲು ಕಟ್ಟಿದೆವು. ಬೇಗ ಆಡುತ್ತದೆ ಎಂದು ಅರ್ಧ ತರಗತಿ ಪಂತ ಕಟ್ಟಿತ್ತು. ಅದೂ 40ರ ಹತ್ತಿರವೇ ಬಂತು.

ಸಾಫ್ಟ್‌ವೇರ್‌ನಲ್ಲಿರುವ ಗೆಳೆಯರು ಈಗಾಗಲೇ ನಗುತ್ತಿದ್ದೀರಿ. ಹೌದು, ಎಣಿಕೆಯಲ್ಲಿ ಒಂದು ಹೆಚ್ಚು, ಒಂದು ಕಡಿಮೆ ಆಗುವ ಈ ದೋಷವನ್ನು ನಾವು ಪ್ರತಿದಿನ ಹುಡುಕುತ್ತೇವೆ. ಆದರೆ ನಾನು ಹೇಳಬೇಕಾದ್ದು ಅದಲ್ಲ. ಕಂಪನಿಗೆ ಹೊಸಬರನ್ನು ತೆಗೆದುಕೊಳ್ಳುವ ಸಂದರ್ಶನದಲ್ಲಿ ನಾನೂ ಕೂರುತ್ತೇನೆ. ಸರಿಯಾದ ಉತ್ತರ ಗೊತ್ತಿರುವವರು ಬೇಕಾದಷ್ಟು ಬರುತ್ತಾರೆ. ಬೇಡದ ಉತ್ತರ ಬಂದಾಗ ಅದನ್ನು ಮುಚ್ಚಿಡದೆ 'ಯಾಕೆ' ಎಂದು ಹಿಂದಕ್ಕೆ ಹೋಗಿ ನೋಡುವವರು ಅಪರೂಪ. ಆ ಅಭ್ಯಾಸ ಹದಿನಾಲ್ಕು ಹದಿನೈದನೇ ವಯಸ್ಸಿಗೆ ಬಿದ್ದರೆ ನಿಲ್ಲುತ್ತದೆ.

ಇದೆಲ್ಲ ಆದರ್ಶದ ಮಾತು, ಸರ್ಕಾರಿ ಶಾಲೆಯಲ್ಲಿ ನಡೆಯುವುದಿಲ್ಲ ಎನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ಒಂದು ಕಾರ್ಯಕ್ರಮ ಶುರುವಾಯಿತು. ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಸರ್ಕಾರದ ಒಪ್ಪಿಗೆ ಪಡೆದು ನಡೆಸಿದ್ದು. ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು, ಮುಂಬೈನ ಟಿಐಎಫ್‌ಆರ್ ವಿಜ್ಞಾನಿಗಳು ಹಳ್ಳಿಗೆ ಬಂದು ಶಿಕ್ಷಕರ ಜೊತೆ ಕೂತರು. ಮಕ್ಕಳು ಗುಂಪು ಗುಂಪಾಗಿ ತಾವೇ ಪ್ರಯೋಗ ಮಾಡಬೇಕು, ಕಂಡದ್ದನ್ನು ಬರೆಯಬೇಕು, ಚರ್ಚಿಸಬೇಕು. ಕಿಟ್ ಅಗ್ಗದ್ದು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಬಹುದಿತ್ತು, ಜೊತೆಗೆ ಪ್ರಾಯೋಗಿಕ ಪರೀಕ್ಷೆಯೂ ಇತ್ತು. ಶಿಕ್ಷಕರು ತಿಂಗಳಿಗೊಮ್ಮೆ ಒಂದೆಡೆ ಸೇರಿ, ಯಾವ ಪ್ರಯೋಗ ಕೈಕೊಟ್ಟಿತು ಎಂದು ಮಾತನಾಡುತ್ತಿದ್ದರು. 'ಸವಾಲಿರಾಮ್' ಎಂಬ ಕಾಲ್ಪನಿಕ ವ್ಯಕ್ತಿಗೆ ಮಕ್ಕಳು ಪ್ರಶ್ನೆ ಬರೆದು ಕಳಿಸುತ್ತಿದ್ದರು, ಉತ್ತರವೂ ಬರುತ್ತಿತ್ತು. 1978ರಲ್ಲಿ ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಮುಂದುವರಿಸಿತು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ನಿಂತಿತು ನಿಜ, ಆದರೆ ಮೂವತ್ತು ವರ್ಷ ನಡೆದದ್ದೂ ಅಷ್ಟೇ ನಿಜ. ಅಲ್ಲಿದ್ದವರು ನಮ್ಮ ಹಾಗೆ ಸರ್ಕಾರಿ ಶಾಲೆಯ ಮೇಷ್ಟ್ರು, ಸರ್ಕಾರಿ ಶಾಲೆಯ ಮಕ್ಕಳೇ.

ನಮ್ಮ ನಾಡಿನಲ್ಲೂ ದಾರಿ ತೋರಿಸಿದವರಿದ್ದಾರೆ. ಗೌರಿಬಿದನೂರಿನ ಹೊಸೂರಿನಿಂದ ಬಂದ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ವಾರಕ್ಕೊಂದು ವಿಜ್ಞಾನ ಉಪನ್ಯಾಸ, ಯಾರು ಬೇಕಾದರೂ ಬಂದು ಕೇಳಬಹುದು, ಪ್ರಶ್ನೆ ಹಾಕಬಹುದು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ನಮ್ಮ ಗ್ರಂಥಾಲಯಕ್ಕೂ ಬರುತ್ತಿತ್ತು. ಅದರ ಹಳೆಯ ಸಂಚಿಕೆಗಳಿಗಾಗಿ ನಾವು ಜಗಳವಾಡಿದ್ದೂ ಉಂಟು.

ಮೂರನೆಯದು, "ಗೊತ್ತಿಲ್ಲ, ನೋಡೋಣ" ಎನ್ನುವ ಶಿಕ್ಷಕರು. ಮಳೆಗಾಲದಲ್ಲಿ ಮಡಕೆ ನೀರು ಬೇಸಿಗೆಯಷ್ಟು ತಣ್ಣಗಾಗುವುದಿಲ್ಲ ಯಾಕೆ ಎಂದು ಒಬ್ಬಳು ಕೇಳಿದಳು. ಮೇಷ್ಟ್ರು ಥರ್ಮಾಮೀಟರ್ ಕೊಟ್ಟು, ಮಡಕೆಯ ನೀರು, ಕೊಡದ ನೀರು ಎರಡನ್ನೂ ಒಂದು ವಾರ ಅಳೆಯಿರಿ ಎಂದರು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ನೀರು ಆವಿಯಾಗುವುದು ಕಡಿಮೆ, ಆದ್ದರಿಂದ ತಂಪೂ ಕಡಿಮೆ ಎಂಬುದು ಆಮೇಲೆ ಬಂದ ವಿವರಣೆ. ಮೊದಲು ಬಂದದ್ದು ಅಳತೆ. ಹೀಗೆಯೇ ಸುಣ್ಣದ ತಿಳಿನೀರಿಗೆ ಉಸಿರು ಊದಿ ಅದು ಹಾಲಿನ ಬಣ್ಣಕ್ಕೆ ತಿರುಗುವುದನ್ನು, ಅರಿಸಿನದ ಕಾಗದ ಸೋಪಿನ ನೀರಿಗೆ ಕೆಂಪಾಗುವುದನ್ನು ನೋಡಿದ್ದೆವು. ಇವಕ್ಕೆಲ್ಲ ಆದ ಖರ್ಚು ಎಷ್ಟು ಹೇಳಿ!

ನಾಲ್ಕನೆಯದು ಭಾಷೆ. ಇದು ನನ್ನ ಮನಸ್ಸಿಗೆ ತೀರ ಹತ್ತಿರದ್ದು. ಕನ್ನಡ ಮಾಧ್ಯಮದಿಂದ ಪಿಯುಸಿ ವಿಜ್ಞಾನಕ್ಕೆ ಹೋದ ನಾವು ಮೊದಲ ಮೂರು ತಿಂಗಳು ಬಾಯಿ ಬಿಡಲಿಲ್ಲ. ವೇಗೋತ್ಕರ್ಷ ಗೊತ್ತಿತ್ತು, 'ಆಕ್ಸಲರೇಷನ್' ಎಂದರೆ ಅದೇ ಎಂದು ಗೊತ್ತಿರಲಿಲ್ಲ. ದ್ಯುತಿಸಂಶ್ಲೇಷಣೆ ಗೊತ್ತಿತ್ತು, 'ಫೋಟೋಸಿಂಥೆಸಿಸ್' ಹೊಸದು. ನನ್ನ ಜೊತೆ ಹೋದವರಲ್ಲಿ ಇಬ್ಬರು ಅಷ್ಟಕ್ಕೇ ಹೆದರಿ ವಿಜ್ಞಾನ ಬಿಟ್ಟರು. ಅವರಿಗೆ ವಿಷಯ ನನಗಿಂತ ಚೆನ್ನಾಗಿ ಬರುತ್ತಿತ್ತು. ಕಲಿಸುವುದು ಕನ್ನಡದಲ್ಲೇ ಆಗಲಿ. ಅರ್ಥವಾಗುವುದು ಹಾಗೆಯೇ. ಆದರೆ ಪ್ರತಿ ಪಾಠದ ಹತ್ತು ಪದ ಎರಡೂ ಭಾಷೆಯಲ್ಲಿ ಗೋಡೆಯ ಮೇಲಿರಲಿ. ಹತ್ತನೇ ತರಗತಿ ಮುಗಿಯುವಷ್ಟರಲ್ಲಿ ಆ ಪದಗಳ ಹೆದರಿಕೆ ಹೋಗುತ್ತದೆ.

ಹೆಣ್ಣುಮಕ್ಕಳ ಬಗ್ಗೆಯೂ ಒಂದು ಮಾತು. ಗುಂಪಿನಲ್ಲಿ ಹುಡುಗರು ಉಪಕರಣ ಹಿಡಿಯುವುದು, ಹುಡುಗಿಯರು ಅಂಕಿ ಬರೆದುಕೊಳ್ಳುವುದು ನಮ್ಮ ಕಾಲದ ರೂಢಿ. ಸಂತಾನೋತ್ಪತ್ತಿಯ ಪಾಠವನ್ನು "ಮನೆಯಲ್ಲಿ ಓದಿಕೊಳ್ಳಿ" ಎನ್ನುವುದು ಇನ್ನೊಂದು ರೂಢಿ. ಇವೆರಡೂ ಇಲ್ಲದ ಶಾಲೆಯೇ ಒಳ್ಳೆಯ ಶಾಲೆ.

ಫಲಿತಾಂಶ ಬೇಡವೇ ಎಂದು ಪೋಷಕರು ಕೇಳಬಹುದು. ಖಂಡಿತ ಬೇಕು. ಎಸ್‌ಎಸ್‌ಎಲ್‌ಸಿ ವಿಜ್ಞಾನದಲ್ಲಿ ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20. ಬಡವರ ಮನೆಯ ಮಗುವಿಗೆ ಆ ಅಂಕವೇ ಬಸ್ ಟಿಕೆಟ್. ಆದರೆ ಕೈಯಾರೆ ಮಾಡಿದ್ದನ್ನು ಮಗು ಪರೀಕ್ಷೆಯಲ್ಲಿ ಸುಲಭಕ್ಕೆ ಮರೆಯುವುದಿಲ್ಲ ಎಂಬುದು ಇಲ್ಲಿರುವ ಗುರುಗಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಈಗ ಹಣದ ಮಾತು. ಸ್ಮಾರ್ಟ್ ಬೋರ್ಡ್ ಬೇಡ ಎನ್ನುವುದಿಲ್ಲ, ಅದು ಎರಡನೆಯ ಸಾಲಿಗೆ ಇರಲಿ. ಮೊದಲು ಪ್ರಯೋಗಾಲಯಕ್ಕೆ ನಲ್ಲಿ ಮತ್ತು ಸಿಂಕ್ ಹಾಕಿಸೋಣ. ನೀರಿಲ್ಲದ ಕೋಣೆಯಲ್ಲಿ ರಸಾಯನಶಾಸ್ತ್ರ ನಡೆಯುವುದಿಲ್ಲ. ಎರಡನೆಯದು, ನಮ್ಮಲ್ಲಿ 40 ಜನ ವರ್ಷಕ್ಕೆ ತಲಾ 500 ರೂಪಾಯಿ ಕೊಟ್ಟರೆ 20,000 ಆಗುತ್ತದೆ. ಮುಗಿದುಹೋಗುವ ಮತ್ತು ಒಡೆದುಹೋಗುವ ಸಾಮಾನಿಗೆ ಅದು ಪ್ರತಿವರ್ಷ ಬರಲಿ. ಒಂದೇ ಸಲ ಕೊಟ್ಟು ಫೋಟೋ ತೆಗೆಸಿಕೊಳ್ಳುವ ದೊಡ್ಡ ದೇಣಿಗೆಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ. ಮೂರನೆಯದು ಒಂದು ದಪ್ಪ ನೋಟ್‌ಬುಕ್. ಶಿಕ್ಷಕರಿಗೆ ವರ್ಗಾವಣೆ ಆಗುತ್ತದೆ, ಅವರ ಅನುಭವವೂ ಅವರ ಜೊತೆ ಬಸ್ ಹತ್ತುತ್ತದೆ. ಯಾವ ಪ್ರಯೋಗ ಹೇಗೆ ಮಾಡಿದೆವು, ಸಾಮಾನು ಎಲ್ಲಿ ಸಿಗುತ್ತದೆ, ಮಕ್ಕಳು ಏನು ಕೇಳಿದರು ಎಂದು ಅದರಲ್ಲಿ ಬರೆದಿಟ್ಟರೆ ಮುಂದೆ ಬರುವವರು ಮೊದಲ ದಿನದಿಂದಲೇ ಮುಂದುವರಿಸಬಹುದು. ನಮ್ಮ ಕಂಪನಿಗಳಲ್ಲಿ ಒಬ್ಬರು ಕೆಲಸ ಬಿಡುವಾಗ ಇದನ್ನು ಬರೆಸಿಕೊಳ್ಳದೆ ಕಳಿಸುವುದಿಲ್ಲ. ನೋಟ್‌ಬುಕ್ ನಾನು ತಂದಿದ್ದೇನೆ, ಇವತ್ತೇ ಮುಖ್ಯೋಪಾಧ್ಯಾಯರಿಗೆ ಕೊಡುತ್ತೇನೆ.

ಮುಂದಿನ ವರ್ಷ ನಾವೆಲ್ಲ ಇಲ್ಲಿಗೆ ಬಂದಾಗ ಶೇಕಡಾ ಎಷ್ಟು ಎಂದು ಕೇಳುವುದರ ಜೊತೆಗೆ ನಾಲ್ಕು ಪ್ರಶ್ನೆ ಕೇಳೋಣ. ಈ ವರ್ಷ ಪ್ರತಿ ಮಗು ಎಷ್ಟು ಸಲ ಉಪಕರಣ ಮುಟ್ಟಿತು? ಕೊನೆಯ ಬೀಕರ್ ಒಡೆದದ್ದು ಯಾವಾಗ? ಮೇಷ್ಟ್ರಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಯಾವುದು ಬಂತು, ಆಮೇಲೆ ಏನು ಮಾಡಿದಿರಿ? ಎಷ್ಟು ಹೆಣ್ಣುಮಕ್ಕಳು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡರು? ಬೀಕರ್ ಒಂದೂ ಒಡೆದಿಲ್ಲ ಎಂದರೆ ನಾವು ಚಿಂತೆ ಮಾಡಬೇಕು.

ಮಕ್ಕಳೇ, ನೀವೂ ಸುಮ್ಮನಿರಬೇಡಿ. ಬೀರು ಬಾಗಿಲು ತೆರೆಯಿರಿ ಸಾರ್ ಎಂದು ಕೇಳಿ. 

ಜೈ ಹಿಂದ್, ಜೈ ಕರ್ನಾಟಕ.