ಅಡುಗೆಯವನಿಗೂ ದಕ್ಕಿದ ಗಣಿತ



ಕಡಲನ್ನು ನಂಬಿ ಮೇಲೆ ಬಂದ ಬಡ ಹುಡುಗರಲ್ಲಿ ನನಗೆ ಅತ್ಯಂತ ಪ್ರಿಯನಾದವನು ಅಮೆರಿಕದ ನಥಾನಿಯಲ್ ಬೌಡಿಚ್.

1773ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂ ಬಂದರಿನಲ್ಲಿ ಹುಟ್ಟಿದ. ತಂದೆ ಮರದ ಪೀಪಾಯಿ ಮಾಡುವ ಕಸುಬಿನವರು. ಬಡತನದಿಂದಾಗಿ ಹತ್ತನೆಯ ವಯಸ್ಸಿಗೇ ಶಾಲೆ ನಿಂತಿತು. ಹನ್ನೆರಡಕ್ಕೆ ಹಡಗಿನ ಸಾಮಾನು ಮಾರುವ ಅಂಗಡಿಯಲ್ಲಿ ಲೆಕ್ಕ ಬರೆಯಲು ಕರಾರಿನ ಮೇಲೆ ಸೇರಿದ. ಐರಿಷ್ ವಿದ್ವಾಂಸ ಕಿರ್ವನ್ ಅವರ ಗ್ರಂಥಗಳು ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಸಮುದ್ರದಲ್ಲಿ ವಶವಾಗಿ, ಸೇಲಂನ ಒಂದು ಗ್ರಂಥಾಲಯ ಸೇರಿದ್ದವು. ಅಲ್ಲಿನ ಹಿರಿಯರು ಈ ಹುಡುಗನಿಗೆ ಅವನ್ನು ಓದಲು ಕೊಟ್ಟರು. ನ್ಯೂಟನ್ನರ ‘ಪ್ರಿನ್ಸಿಪಿಯಾ’ ಓದಲೆಂದೇ ಅವನು ಲ್ಯಾಟಿನ್ ಕಲಿತ.

1795ರಲ್ಲಿ ಗುಮಾಸ್ತರಾಗಿ ಮೊದಲ ಬಾರಿ ಹಡಗೇರಿದ ಬೌಡಿಚ್, ಕೊನೆಯ ಯಾನದಲ್ಲಿ ತಾವೇ ಕಪ್ತಾನರಾಗಿ ಕಾಳುಮೆಣಸಿಗಾಗಿ ಸುಮಾತ್ರಾಕ್ಕೆ ಹೋದರು. ಆಗ ಕಡಲಿನಲ್ಲಿ ರೇಖಾಂಶ ತಿಳಿಯಲು ಬೇಕಾದ ನಿಖರವಾದ ಗಡಿಯಾರ ತುಂಬ ದುಬಾರಿ. ಅದಿಲ್ಲದಾಗ ಚಂದ್ರನಿಗೂ ನಕ್ಷತ್ರಕ್ಕೂ ನಡುವಿನ ಕೋನ ಅಳೆದು, ಕೋಷ್ಟಕಗಳ ನೆರವಿನಿಂದ ಹಡಗಿನ ರೇಖಾಂಶ ತಿಳಿಯಬೇಕಿತ್ತು. ಲೆಕ್ಕ ಕಠಿಣ, ಕೋಷ್ಟಕಗಳಲ್ಲೋ ತಪ್ಪುಗಳ ರಾಶಿ. ನಾವಿಕರೆಲ್ಲ ನಂಬಿದ್ದ, ಮೂರ್ ಎಂಬವರ ನೌಕಾಯಾನದ ಕೈಪಿಡಿ 1800ನ್ನು ಅಧಿಕ ವರ್ಷವೆಂದು ಎಣಿಸಿತ್ತು. ಆ ಒಂದು ತಪ್ಪಿಗೆ ಹಡಗು ತಾನಿರುವ ಜಾಗವನ್ನು ಇಪ್ಪತ್ತಕ್ಕೂ ಹೆಚ್ಚು ಮೈಲಿ ತಪ್ಪಾಗಿ ತಿಳಿಯಬಹುದಿತ್ತು. ಬಂಡೆಗಳಿರುವ ಕಡೆ ಅದು ಪ್ರಾಣಕ್ಕೇ ಎರವು.

ಬೌಡಿಚ್ ಆ ಪುಸ್ತಕದ ಸಾವಿರಾರು ತಪ್ಪುಗಳನ್ನು ತಿದ್ದಿ, 1802ರಲ್ಲಿ ತಮ್ಮದೇ ನೌಕಾಯಾನದ ಕೈಪಿಡಿಯನ್ನು ಹೊರತಂದರು. ಖಲಾಸಿಗಳಿಗೆ ಕಲಿಸಲಾಗದ ಯಾವುದನ್ನೂ ಅದರಲ್ಲಿ ಬರೆಯುವುದಿಲ್ಲ ಎಂಬುದು ಅವರ ಸಂಕಲ್ಪ. ಅವರ ಹಡಗಿನಲ್ಲಿ ಅಡುಗೆಯವನೂ ಚಂದ್ರನನ್ನು ಅಳೆದು ಲೆಕ್ಕ ಹಾಕಬಲ್ಲವನಾಗಿದ್ದನೆಂದು ಹೇಳುತ್ತಾರೆ. ಕಪ್ತಾನನೊಬ್ಬನಿಗೇ ಮೀಸಲಾಗಿದ್ದ ವಿದ್ಯೆ ಹೀಗೆ ಹಡಗಿನವರೆಲ್ಲರದ್ದೂ ಆಯಿತು.

ಅದೇ ವರ್ಷ ಹಾರ್ವರ್ಡ್ ಗೌರವ ಪದವಿ ಕೊಟ್ಟಿತು. ಮುಂದೆ ಅವರು ಫ್ರೆಂಚ್ ಗಣಿತಜ್ಞ ಲಾಪ್ಲಾಸ್‌ರ ಖಗೋಳ ಗ್ರಂಥದ ನಾಲ್ಕು ಸಂಪುಟಗಳನ್ನು ಇಂಗ್ಲಿಷಿಗೆ ತಂದು, ಓದುಗನಿಗೆ ಎಲ್ಲಿ ದಾರಿ ತೊಡಕೋ ಅಲ್ಲೆಲ್ಲ ವಿವರಣೆ ಬರೆದರು. 1838ರಲ್ಲಿ ತೀರಿಕೊಂಡರು. ಅವರ ಕೈಪಿಡಿ ಪರಿಷ್ಕಾರಗೊಳ್ಳುತ್ತ ಇಂದಿಗೂ ಅಚ್ಚಾಗುತ್ತಿದೆ.

ಪ್ರತಿಭೆಯೊಂದೇ ಬೌಡಿಚ್‌ರನ್ನು ಮೇಲೆತ್ತಿತೆಂದರೆ ಅರ್ಧ ಸತ್ಯ. ಒಂದು ಊರು ಅಂಗಡಿಯ ಹುಡುಗನನ್ನು ನಂಬಿ ಪುಸ್ತಕ ಕೊಟ್ಟಿತು. ಅವರು ಆ ಋಣವನ್ನು ತಮಗಿಂತ ಕೆಳಗೆ ನಿಂತವರಿಗೆ ಕಲಿಸಿ ತೀರಿಸಿದರು. ನಮ್ಮ ಊರುಗಳಲ್ಲೂ ಓದುವ ಹಸಿವಿರುವ ಬಡ ಮಕ್ಕಳಿದ್ದಾರೆ. ಅವರ ಕೈಗೆ ಪುಸ್ತಕ ಕೊಡುವುದು ನಮ್ಮ ಕರ್ತವ್ಯ.